ಕಾದಂಬರಿಯ ಕುದುರೆಗೆ ಹುರುಳಿ

ಐತಿಹಾಸಿಕ ಕಾದಂಬರಿಗಳಲ್ಲಿ ಕುದುರೆ ಯಾವಾಗ ಮೇವು ತಿನ್ನುತ್ತದೆ ಅಂತ ನೀವು ಎಂದಾದರೂ ಯೋಚಿಸಿದ್ದೀರಾ? ನಾನು ಯೋಚಿಸಿದ್ದೇನೆ. ಮೊನ್ನೆ ಭಾನುವಾರ ಮೊರದಲ್ಲಿ ಹುರುಳಿ ಹರಡಿಕೊಂಡು ಕಲ್ಲು ಆರಿಸುತ್ತಾ ಕೂತಿದ್ದಾಗಲೂ ಅದನ್ನೇ ಯೋಚಿಸುತ್ತಿದ್ದೆ. ಬೇರೆಯವರಿಗೆ ಹುರುಳಿ ಕಂಡರೆ ಸಾರು ನೆನಪಾಗುತ್ತದೆ, ನನಗೆ ರಾಜರು, ಸೇನಾಪತಿಗಳು ನೆನಪಾಗುತ್ತಾರೆ. ಇದಕ್ಕೆಲ್ಲ ಕಾರಣ ನಮ್ಮಪ್ಪ.

ತಮಿಳುನಾಡಿನ ಕಂಬಂ ಕಣಿವೆಯ ಕಾಮಯಗೌಂಡನ್‌ಪಟ್ಟಿಯಲ್ಲಿ ಅಪ್ಪನದು ದ್ರಾಕ್ಷಿ ತೋಟ. ದಿನವೆಲ್ಲ ಚಪ್ಪರದ ಕೆಳಗೆ ಕತ್ತೆತ್ತಿಕೊಂಡು ಕೆಲಸ ಮಾಡಿದ ಮನುಷ್ಯ ಸಂಜೆಗೆ ಕತ್ತು ಬಗ್ಗಿಸಿ ಕೂರಲು ಒಂದು ನೆಪ ಹುಡುಕಿಕೊಂಡಿದ್ದ. ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ಕಾದಂಬರಿಗಳ ಹಾಳೆ ಕಿತ್ತು, ಜೋಡಿಸಿ, ರಟ್ಟು ಹಾಕಿಸಿ ಇಟ್ಟುಕೊಳ್ಳುವುದು ಅವನ ಚಟ. ನಮ್ಮ ಕಣಿವೆಯಲ್ಲಿ ಆಗ ಸುಮಾರು ಮನೆಗಳಲ್ಲಿ ಇಂಥ ಗಂಟುಗಳಿದ್ದವು. ಕತೆಯ ಹಾಳೆಯ ಹಿಂಬದಿಗೆ ತಲೆಯೆಣ್ಣೆಯದೋ ತಲೆನೋವಿನ ಮಾತ್ರೆಯದೋ ಜಾಹೀರಾತು ಇದ್ದೇ ಇರುತ್ತಿತ್ತು. ರಾಜಕುಮಾರಿ ಅತ್ತಾಗಲೆಲ್ಲ ಉದ್ದ ಜಡೆಯ ಹೆಂಗಸೊಬ್ಬಳು ಎಣ್ಣೆ ಸೀಸೆ ಹಿಡಿದು ಬಂದು ಸಮಾಧಾನ ಮಾಡುತ್ತಾಳೆ ಅಂತ ನಾನು ಬಹಳ ಕಾಲ ನಂಬಿದ್ದೆ.

ಪುಸ್ತಕಗಳು ತಮಿಳಿನವು. ಆದರೆ ಅಪ್ಪ ಓದಿ ಹೇಳುತ್ತಿದ್ದುದು ನಮ್ಮ ಮನೆಯ ಕನ್ನಡದಲ್ಲಿ. ಕಣ್ಣು ತಮಿಳಿನ ಮೇಲೆ, ಬಾಯಿ ಕನ್ನಡದಲ್ಲಿ. ಇದು ಅಜ್ಜಿಯ, ಅಂದರೆ ಅಪ್ಪನ ತಾಯಿಯ, ಅಪ್ಪಣೆ. ಅಜ್ಜಿಗೆ ತಮಿಳು ಬರುತ್ತಿರಲಿಲ್ಲ ಅಂದುಕೊಳ್ಳಬೇಡಿ. ಕಂಬಂ ಮಾರುಕಟ್ಟೆಯಲ್ಲಿ ಅವಳು ತಮಿಳಿನಲ್ಲಿ ಚೌಕಾಸಿಗೆ ನಿಂತರೆ ದಲ್ಲಾಳಿಗಳು ಟವಲ್ ಕೊಡವಿಕೊಂಡು ಎದ್ದು ಹೋಗುತ್ತಿದ್ದರು. ಆದರೆ ಕತೆ ಮಾತ್ರ ತಮಿಳಿನಲ್ಲಿ ಇಳಿಯುತ್ತಿರಲಿಲ್ಲ.

“ಏಯ್, ಅಂಗಡಿ ಮಾತಲ್ಲಿ ಸೊಲ್ಲಬ್ಯಾಡ. ಮನೆ ಮಾತಲ್ಲಿ ಸೊಲ್ಲು,” ಅನ್ನುತ್ತಿದ್ದಳು. ‘ಹೇಳು’ ಅನ್ನುವುದಕ್ಕೆ ‘ಸೊಲ್ಲು’ ಅನ್ನುವುದೇ ತಮಿಳು ಅಂತ ಅವಳಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಹೀಗಾಗಿ ಪಾಂಡ್ಯರು, ಚೋಳರು ಎಲ್ಲರೂ ನಮ್ಮ ಮನೆಯಲ್ಲಿ ಕನ್ನಡವನ್ನೇ ಆಡಿದರು. ಅದೂ ಎಂಥ ಕನ್ನಡ! ಮಹಾರಾಣಿ ಅಂತಃಪುರದ ಬಾಗಿಲಿಗೆ ಬಂದು ಚಕ್ರವರ್ತಿಯನ್ನು, “ಕಳಿ ಆರ್ತೈತೆ, ಉಣ್ಣಾಕ್ ಬಾರಯ್ಯಾ” ಅಂತ ಕರೆಯುತ್ತಿದ್ದಳು. ಕಳಿ ಅಂದರೆ ನಿಮ್ಮ ರಾಗಿಮುದ್ದೆ. ಐದನೇ ಕ್ಲಾಸಿನಲ್ಲಿ ನನ್ನ ಗೆಳತಿಯೊಬ್ಬಳು ಅದೇ ಕಾದಂಬರಿಯನ್ನು ಶಾಲೆಗೆ ತಂದಳು. ಅದರಲ್ಲಿ ರಾಣಿ ತಮಿಳು ಆಡುತ್ತಿದ್ದಳು, ಕಳಿಯ ಸುದ್ದಿಯೇ ಇರಲಿಲ್ಲ. ನಾನು ಗೆಳತಿಯ ಕೈ ಹಿಡಿದು, ನಿನ್ನ ಪುಸ್ತಕದಲ್ಲಿ ಅಚ್ಚು ತಪ್ಪಾಗಿದೆ, ಅಂಗಡಿಗೆ ವಾಪಸು ಕೊಡು ಅಂತ ಕನಿಕರದಿಂದ ಹೇಳಿದೆ.

ಇನ್ನು ಕುದುರೆ. ಅಪ್ಪ ರೈತ. ಹಸಿದ ಪ್ರಾಣಿಯನ್ನು ಓಡಿಸುವುದು ಅವನ ಕೈಲಿ ಆಗುತ್ತಿರಲಿಲ್ಲ. ಕಾದಂಬರಿಕಾರರು ಕುದುರೆಯನ್ನು ಮಧುರೆಯಿಂದ ಕಡಲತೀರದವರೆಗೆ ಒಂದೇ ಉಸಿರಿಗೆ ಓಡಿಸುತ್ತಾರೆ, ಹುಲ್ಲಿಲ್ಲ, ನೀರಿಲ್ಲ. ಅಪ್ಪ ಓದುತ್ತಾ ಓದುತ್ತಾ ನಿಲ್ಲಿಸಿ, “ಥೂ, ಇವನ ಮನೆ ಹಾಳಾಗ, ಮೇವಾಕ್ಲೇ ಇಲ್ಲ,” ಅಂತ ಗೊಣಗಿ, ನಾಯಕನನ್ನು ಒಂದು ಮರದ ಕೆಳಗೆ ಇಳಿಸಿ, ಚೀಲ ಬಿಚ್ಚಿಸಿ, ನೆನೆಹಾಕಿದ ಹುರುಳಿ ತಿನ್ನಿಸಿಯೇ ಮುಂದಕ್ಕೆ ಕಳಿಸುತ್ತಿದ್ದ. ಯುದ್ಧ ಕಾಯುತ್ತಿತ್ತು. ಶತ್ರುಗಳೂ ಕಾಯುತ್ತಿದ್ದರು ಅಂತ ಕಾಣುತ್ತದೆ.

ಕತೆ ಕೇಳುವುದರಲ್ಲಿ ಅಜ್ಜಿಗೆ ಇನ್ನೊಂದು ಕಟ್ಟಳೆಯಿತ್ತು. ಕತೆಯಲ್ಲಿ ಯಾರಾದರೂ ಹೊಳೆಗೆ ಇಳಿದರೆ ಅವರು ಆಚೆ ದಡ ಸೇರುವವರೆಗೆ ನಿಲ್ಲಿಸುವ ಹಾಗಿಲ್ಲ. ಬಾಗಿಲಿಗೆ ನೆಂಟರು ಬಂದರೂ ಅಷ್ಟೇ, ಒಲೆ ಮೇಲೆ ಹಾಲು ಉಕ್ಕಿದರೂ ಅಷ್ಟೇ. ಇದು ಬರೀ ನಮ್ಮ ಮನೆಯದಲ್ಲ, ಕಣಿವೆಯಲ್ಲಿ ಕನ್ನಡವಾಡುವ ನಮ್ಮವರೆಲ್ಲರ ಕಟ್ಟಳೆ. ನಮ್ಮ ಹಿರಿಯರು ಬಡಗಣ ಕನ್ನಡ ಸೀಮೆಯಿಂದ ಓಡಿಬರುವಾಗ ಹಿಂದೆ ಕುದುರೆ ಸವಾರರು, ಮುಂದೆ ತುಂಬಿದ ಹೊಳೆ. ಆಗ ದಡದ ಹೊಂಗೆ ಮರ ಬಾಗಿ, ಆಚೆ ದಡದವರೆಗೂ ಒರಗಿ, ಎಲ್ಲರನ್ನೂ ದಾಟಿಸಿ ಮತ್ತೆ ಎದ್ದು ನಿಂತಿತಂತೆ. ನಮ್ಮಲ್ಲಿ ಇವತ್ತಿಗೂ ಹೊಂಗೆಯನ್ನು ಸೌದೆಗೆ ಕಡಿಯುವುದಿಲ್ಲ. ಈ ಕತೆಯನ್ನು ನಡುಹೊಳೆಯಲ್ಲಿ ನಿಲ್ಲಿಸಿದರೆ ಹಿರಿಯರು ನೀರಿನಲ್ಲೇ ಉಳಿದುಬಿಡುತ್ತಾರೆ ಅನ್ನುವುದು ನಂಬಿಕೆ. ಅಜ್ಜಿ ಇದನ್ನು ಪ್ರಪಂಚದ ಎಲ್ಲ ಕತೆಗಳಿಗೂ, ಎಲ್ಲ ಹೊಳೆಗಳಿಗೂ ಅನ್ವಯಿಸಿದ್ದಳು, ಅಷ್ಟೇ.

ಧಾರಾವಾಹಿ ಬರೆಯುವವರ ಕಸುಬೇ ಇದಕ್ಕೆ ತದ್ವಿರುದ್ಧ. ಅವರು ವಾರವಾರವೂ ಯಾರನ್ನಾದರೂ ನೀರಿಗೆ ತಳ್ಳಿ ‘ಮುಂದುವರಿಯುವುದು’ ಅಂತ ಬರೆದು ಮನೆಗೆ ಹೋಗುತ್ತಾರೆ. ಅಪ್ಪ ಗಂಟಲು ಒಣಗಿಸಿಕೊಂಡು ಮುಂದಿನ ಅಧ್ಯಾಯಕ್ಕೂ ಕೈ ಹಾಕಬೇಕಾಗುತ್ತಿತ್ತು. ನಮ್ಮ ಮನೆಯಲ್ಲಿ ಊಟ ತಡವಾದ ದಿನ, ಯಾರೋ ಹೊಳೆಗೆ ಬಿದ್ದಿದ್ದಾರೆ ಅಂತ ಪಕ್ಕದ ಮನೆಯವರು ತಿಳಿದುಕೊಳ್ಳುತ್ತಿದ್ದರು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಈಗ ನಾನು ಉತ್ತಮಪಾಳಯದ ಒಂದು ಶಾಲೆಯಲ್ಲಿ ಏಳನೇ ಕ್ಲಾಸಿಗೆ ಪಾಠ ಹೇಳುತ್ತೇನೆ. ಕನ್ನಡ ಅಕ್ಷರ ಕಲಿತದ್ದು ಮದುವೆಯಾಗಿ ಕೊಳ್ಳೇಗಾಲದಲ್ಲಿ ಕೆಲವು ವರ್ಷ ಇದ್ದಾಗ. ಅದಕ್ಕೇ ನೋಡಿ, ಈ ಬರಹ ಇಷ್ಟು ಮಡಿಯುಟ್ಟುಕೊಂಡು ಬರುತ್ತಿದೆ. ನಮ್ಮ ಶಾಲೆಯಲ್ಲಿ ಶುಕ್ರವಾರದ ಕೊನೆಯ ಪೀರಿಯಡ್ ಓದುವ ಕ್ಲಾಸು. ನಾನು ಒಂದು ಕಾದಂಬರಿಯನ್ನು ವಾರವಾರ ಓದುತ್ತೇನೆ, ಮಕ್ಕಳು ಕೇಳಬೇಕು. ಕೇಳಬೇಕು ಅಂತ ನಿಯಮ. ಅವರು ಮಾಡುತ್ತಿದ್ದುದು ಬೇರೆ, ಬ್ಯಾಗು ಕಟ್ಟಿಕೊಂಡು ಊರ ಬಸ್ಸು ಎಷ್ಟು ದೂರದಲ್ಲಿದೆ ಅಂತ ಕಿವಿಗೊಡುವುದು.

ನಮ್ಮ ಹೆಡ್‌ಮಿಸ್ಟ್ರೆಸ್ ಡಿಂಡಿಗಲ್‌ನವರು. ಅಳೆದು ಮಾತಾಡುವ, ಗಣಿತ ಕಲಿಸುವ ಹೆಂಗಸು. ಅವರದು ತಮಿಳು ಮಾತ್ರ. ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ, ಅಪ್ಪನ ಮಗಳಲ್ಲವೇ.

“ಟೀಚರ್, ಈ ವರ್ಷ ಒಂದು ಒಳ್ಳೇ ಪುಸ್ತಕ ಆರಿಸಿ,” ಅಂದರು. “ಮಕ್ಕಳು ಕೂತು ಕೇಳಿದರೆ ಸಂತೋಷ. ಇಲ್ಲ ಅಂದರೆ ಆ ಪೀರಿಯಡ್ ಗಣಿತಕ್ಕೆ ಕೊಟ್ಟುಬಿಡೋಣ. ಭಿನ್ನರಾಶಿ ಬರ್ತಿಲ್ಲ ಅವರಿಗೆ.”

“ಸರಿಂಗ ಟೀಚರ್,” ಅಂದೆ. ಒಳಗೆ ಮಾತ್ರ ಉರಿಯಿತು. ವಾರಕ್ಕೆ ಒಂದು ಸಲ ಯಾರಿಗೂ ಅಂಕ ಕೊಡದೆ ಸುಮ್ಮನೆ ಓದುವ ಆ ಒಂದು ಹೊತ್ತಿಗಾಗಿ ನಾನು ಉಳಿದ ದಿನವೆಲ್ಲ ಕೆಲಸಕ್ಕೆ ಬರುತ್ತಿದ್ದೆ. ಅದು ಹೋದರೆ ನನಗೆ ಶಾಲೆಯಲ್ಲಿ ಉಳಿಯುವುದು ಹಾಜರಿ ಕರೆಯುವ ಕೆಲಸವೊಂದೇ ಅನಿಸಿತು.

ಥೇಣಿಗೆ ಹೋಗಿ ಅಂಗಡಿ ಅಲೆದೆ. ಐತಿಹಾಸಿಕ ಕಾದಂಬರಿ ಆರಿಸುವುದು ಹೆಣ್ಣು ನೋಡಲು ಹೋದ ಹಾಗೆ, ಎಲ್ಲದರಲ್ಲೂ ಏನೋ ಒಂದು ಕೊಂಕು. ಒಂದರಲ್ಲಿ ನಾಯಕಿ ಕೊಳದಿಂದ ಎದ್ದು ಮೆಟ್ಟಿಲು ಹತ್ತಲು ಶುರು ಮಾಡಿದವಳು ಅಧ್ಯಾಯ ಮುಗಿದರೂ ಹತ್ತುತ್ತಲೇ ಇದ್ದಳು, ವರ್ಣನೆ ಅಷ್ಟು ಭಾರ. ಏಳನೇ ಕ್ಲಾಸಿನ ಹುಡುಗರ ಮುಂದೆ ಅದನ್ನು ಓದುವ ಎದೆಗಾರಿಕೆ ನನಗಿಲ್ಲ. ಇನ್ನೊಂದರಲ್ಲಿ ರಾಜ ಎಷ್ಟು ಒಳ್ಳೆಯವನೆಂದರೆ ಮಂತ್ರಿಗೆ ಮಾಡಲು ಕೆಲಸವೇ ಇಲ್ಲ. ಮತ್ತೊಂದು ಮಕ್ಕಳಿಗಾಗಿ ಸಂಕ್ಷೇಪ ಮಾಡಿದ್ದು. ಅದರಲ್ಲಿ ಯುದ್ಧ ನಡೆಯಿತು, ರಾಜ ಗೆದ್ದನು, ಮದುವೆಯಾಯಿತು. ಕುದುರೆಯೇ ಇಲ್ಲ.

ಕೊನೆಗೆ ಸಿಕ್ಕಿದ್ದು ಅಪ್ಪ ಓದಿ ಹೇಳುತ್ತಿದ್ದ ಒಂದು ಕಾದಂಬರಿ. ಗಡಿಕೋಟೆಯೊಂದರ ಕಾವಲಿನ ತರುಣ ದಳಪತಿಯ ಕತೆ. ಬಡಗಣ ಸೇನೆಯೊಂದು ಕೋಟೆಗೆ ಮುತ್ತಿಗೆ ಹಾಕುತ್ತದೆ, ಸೋಲುತ್ತದೆ, ಹೆಂಗಸರು ಮಕ್ಕಳು ಗಾಡಿಗಳ ಸಮೇತ ಓಡುತ್ತದೆ, ದಳಪತಿ ಬೆನ್ನಟ್ಟುತ್ತಾನೆ. ನನ್ನ ಬಾಲ್ಯವೆಲ್ಲ ಅದರಲ್ಲಿತ್ತು. ಅದನ್ನು ನಾನೇ ಕೂತು ಓದಿದ್ದು ಮಾತ್ರ ಯಾವತ್ತೂ ಇಲ್ಲ, ಗೊತ್ತಿರುವ ಕತೆಯನ್ನು ಯಾರಾದರೂ ಯಾಕೆ ಓದುತ್ತಾರೆ? ಶಾಲೆಗೆ ಕೆಲವು ಪ್ರತಿ ಕೊಂಡುಕೊಂಡು ಬಂದೆ.

ಕ್ಲಾಸು ಚೆನ್ನಾಗಿ ನಡೆಯಿತು. ಮಕ್ಕಳು ಬಸ್ಸು ಮರೆತರು. ಬೆಲ್ ಹೊಡೆಯುವ ಮುರುಗನ್‌ಗೆ ಮಾತ್ರ ಇತಿಹಾಸದ ಬಗ್ಗೆ ದಯೆದಾಕ್ಷಿಣ್ಯವಿಲ್ಲ. ದಳಪತಿ ಗೋಡೆ ಹತ್ತುತ್ತಿರಲಿ, ಪ್ರೇಮ ನಿವೇದಿಸುತ್ತಿರಲಿ, ಹೊತ್ತಿಗೆ ಸರಿಯಾಗಿ ರೈಲು ಕಂಬಿಗೆ ಢಣ್ ಅಂತ ಬಾರಿಸುತ್ತಿದ್ದ. ಮೊದಮೊದಲು ಕುದುರೆಗೆ ಮೇವಿಲ್ಲದ್ದು ನನಗೆ ಕಸಿವಿಸಿಯಾಯಿತು, ಆಮೇಲೆ ಅಭ್ಯಾಸವಾಯಿತು. ಒಂದು ಸಂಜೆ ಮುಂದಿನ ವಾರದ ಅಧ್ಯಾಯವನ್ನು ಮೊದಲೇ ಓದಿಕೊಳ್ಳೋಣ ಅಂತ ಪುಟ ತಿರುವಿದೆ. ಹೊಳೆಯ ಅಧ್ಯಾಯ.

ನನಗೆ ಗೊತ್ತಿದ್ದ ಹೊಳೆಯ ಅಧ್ಯಾಯ ಹೀಗೆ. ಓಡುವವರು ದಡಕ್ಕೆ ಬರುತ್ತಾರೆ. ಹೊಂಗೆ ಮರ ಬಾಗುತ್ತದೆ. ದಳಪತಿ ಬಂದವನು ಇದನ್ನು ನೋಡಿ, ಕುದುರೆಯಿಂದ ಇಳಿದು, ಹುರುಳಿ ಚೀಲ ಬಿಚ್ಚುತ್ತಾನೆ. ಕುದುರೆ ತಿಂದು ಮುಗಿಸುವಷ್ಟರಲ್ಲಿ ಅವರೆಲ್ಲ ದಾಟಿರುತ್ತಾರೆ. ಅವನು ನಕ್ಕು ಹಿಂತಿರುಗುತ್ತಾನೆ. ಚಿಕ್ಕಂದಿನಲ್ಲಿ ಆ ದಳಪತಿಯನ್ನೇ ಮದುವೆಯಾಗಬೇಕು ಅಂತಿದ್ದೆ.

ಪುಸ್ತಕದಲ್ಲಿ ಮರ ಇರಲಿಲ್ಲ. ಹುರುಳಿಯೂ ಇರಲಿಲ್ಲ. ದಳಪತಿ ದಡದಲ್ಲಿ ನಿಂತು ಬಾಣ ಬಿಡಿಸುತ್ತಾನೆ. ಓಡುವವರು ‘ತಮ್ಮ ಒರಟು ಕನ್ನಡದಲ್ಲಿ ಅರಚುತ್ತಾ’ ನೀರಿಗೆ ಬೀಳುತ್ತಾರೆ. ಹೊಳೆ ಎಲ್ಲರನ್ನೂ ನುಂಗುತ್ತದೆ. ಕೋಟೆಯಲ್ಲಿ ಜಯಭೇರಿ. ನಾನು ಪುಸ್ತಕ ಮುಚ್ಚಿ, ಅಡುಗೆಮನೆಗೆ ಹೋಗಿ, ಯಾಕೆ ಬಂದೆ ಅಂತ ಗೊತ್ತಾಗದೆ ನೀರು ಕುಡಿದು ಬಂದೆ. ಆ ಶತ್ರುಗಳು ನಾವೇ ಅಂತ, ಅಪ್ಪನ ಕತೆಯಲ್ಲಿ ನಮ್ಮದೇ ಹೊಂಗೆ ಬಾಗುತ್ತಿದ್ದರೂ, ಈ ವಯಸ್ಸಿನವರೆಗೂ ನನಗೆ ಹೊಳೆದಿರಲಿಲ್ಲ.

ಮಾರನೇ ದಿನ ತೋಟಕ್ಕೆ ಹೋದೆ. ಅಪ್ಪ ಈಗ ಕೆಲಸ ಮಾಡುವುದಿಲ್ಲ, ಚಪ್ಪರದ ಕೆಳಗೆ ಮಂಚ ಹಾಕಿಸಿಕೊಂಡು ಕೆಲಸ ಮಾಡುವವರನ್ನು ಬೈಯುತ್ತಾನೆ.

“ಅಪ್ಪಾ, ಆ ಮರ ಪುಸ್ತಕದಾಗೆ ಇಲ್ಲ,” ಅಂದೆ.

ಯಾವ ಮರ, ಯಾವ ಪುಸ್ತಕ ಅಂತ ಅವನು ಕೇಳಲಿಲ್ಲ. “ಇಲ್ಲ ತಾಯಿ,” ಅಂದ.

“ಮತ್ತೆ ಯಾಕೆ ಸೊಲ್ದೆ?”

“ಮೊದ್ಲು ಇದ್ದಂಗೇ ಓದ್ದೆ. ನೀನಾಗ ನಿದ್ದೆ ಓಗಿದ್ದೆ. ನಮ್ಮವ್ವ ಎದ್ದೋಗಿ ದೀಪ ಆರ್ಸಿಬುಟ್ಲು. ಅವತ್ತು ಯಾರ್ಗೂ ಸೋರಿಲ್ಲ. ಒಳೆ ನಡ್ವೆ ಜನ ಬುಟ್ಟು ನಿಂಗೆ ಸೋರು ಬ್ಯಾರೆ ಬೇಕಾ ಅಂದ್ಲು.” ಸೋರು ಅಂದರೆ ಅನ್ನ. ಅಪ್ಪ ಎಲೆಗಳ ಸಂದಿನಿಂದ ಗೊಂಚಲೊಂದನ್ನು ನೋಡುತ್ತಾ ಮುಂದುವರಿಸಿದ. “ಮಾರ್ನೇ ದಿನ ನಾನೇ ಒಂದು ಮರ ನಟ್ಟೆ. ಆದ್ರೂ ಟೈಮ್ ಪತ್ತಲಿಲ್ಲ, ಅವನು ಕುದ್ರೆ ಮ್ಯಾಲೆ ಬತ್ತಾವ್ನೆ, ಇವರ ಕೂಡೆ ಮುದುಕ್ರು, ದನ. ಅದಕ್ಕೇ ಕುದ್ರೆಗೆ ಉಳ್ಳಿ ಆಕ್ದೆ.”

ಟೈಮ್ ಸಾಲಲಿಲ್ಲವಂತೆ! ನನಗೆ ನಗು ಬಂತು, ಕಣ್ಣೂ ತುಂಬಿತು. ಅಪ್ಪ ಅದನ್ನು ಗಮನಿಸದೆ, ಬಂದವಳು ಒಂದು ಬುಟ್ಟಿ ಹಣ್ಣು ತೆಗೆದುಕೊಂಡು ಹೋಗು ಅಂತ ಅಂದ.

ನಮ್ಮ ಹೆಡ್‌ಮಿಸ್ಟ್ರೆಸ್ ಎಲ್ಲದರಲ್ಲೂ ಅಚ್ಚುಕಟ್ಟು. ಅವರೂ ಆ ಪುಸ್ತಕ ಓದುತ್ತಿದ್ದರು. ಗುರುವಾರ ಕರೆಸಿ, ಹೊಳೆಯ ಅಧ್ಯಾಯದ ಮೇಲೆ ಬೆರಳಿಟ್ಟರು.

“ಟೀಚರ್, ಇದನ್ನು ಬಿಟ್ಟು ಮುಂದಕ್ಕೆ ಹೋಗಿ. ಕ್ಲಾಸಿನಲ್ಲಿ ಅರ್ಧ ಮಕ್ಕಳು ನಿಮ್ಮ ಕಡೆಯವರು. ಮನೆಗೆ ಹೋಗಿ ಹೇಳಿದರೆ ನಾಳೆ ತಂದೆತಾಯಿ ಬಂದು ಗೇಟಿನ ಮುಂದೆ ನಿಲ್ತಾರೆ.”

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಪುಸ್ತಕ ಮಕ್ಕಳ ಕೈಯಲ್ಲೂ ಇತ್ತು. ನಾನು ಬಿಟ್ಟರೆ ಅವರು ಅದನ್ನೇ ಮೊದಲು ಓದುತ್ತಾರೆ, ಬಸ್ಸಿನಲ್ಲಿ, ಒಬ್ಬೊಬ್ಬರೇ. ಅಪ್ಪನಂತೆ ಮರ ನೆಡಲು ನನಗೆ ಬರುವುದಿಲ್ಲ.

“ಓದ್ತೀನಿ ಟೀಚರ್. ಬಿಡಲ್ಲ,” ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಸರಿ. ನಾನೂ ಬಂದು ಹಿಂದೆ ಕೂರ್ತೀನಿ. ಗಲಾಟೆ ಆದರೆ ಅವತ್ತಿಗೇ ಮುಗೀತು. ಮುಂದಿನ ವಾರದಿಂದ ಭಿನ್ನರಾಶಿ.”

ಶುಕ್ರವಾರ ಬಂದರು, ಕೊನೆಯ ಬೆಂಚಿನಲ್ಲಿ ಕೂತರು. ನಾನು ಅಚ್ಚಿನಲ್ಲಿ ಇದ್ದ ಹಾಗೆಯೇ ಓದಿದೆ. ಒರಟು ಕನ್ನಡವನ್ನೂ ಓದಿದೆ. ಬಾಣಗಳು ಹೋದವು, ಗಾಡಿಗಳು ಮುಳುಗಿದವು, ಜಯಭೇರಿ ಮೊಳಗಿತು. ಕ್ಲಾಸು ಚಪ್ಪಾಳೆ ಹೊಡೆಯಿತು. ಎಲ್ಲರಿಗಿಂತ ಜೋರಾಗಿ ಹೊಡೆದವನು ಗೌತಮ್, ಮಾರ್ಕಯನ್‌ಕೋಟ್ಟೈಯ ಹುಡುಗ, ಅಪ್ಪಟ ನಮ್ಮವನೇ. ಯಾರಿಗೂ ಏನೂ ಅನಿಸಲಿಲ್ಲ. ವಾರವೆಲ್ಲ ಈ ಗಳಿಗೆಗೆ ಹೆದರಿದ್ದ ನನಗೆ ಮೋಸವಾದ ಹಾಗಾಯಿತು. ಹೆಡ್‌ಮಿಸ್ಟ್ರೆಸ್ ನಿರಾಳವಾಗಿ ಗಡಿಯಾರ ನೋಡಿಕೊಂಡರು.

ಆಗ ದರ್ಶಿನಿ ಎದ್ದಳು. ಕಾಮಯಗೌಂಡನ್‌ಪಟ್ಟಿಯ ಹುಡುಗಿ. ನಾನು ಕನ್ನಡದಲ್ಲಿ ಮಾತಾಡಿಸಿದರೂ ತಮಿಳಿನಲ್ಲೇ ಉತ್ತರ ಕೊಡುವವಳು.

“ಮಿಸ್, ದಡದಲ್ಲಿ ಮರ ಇರಲಿಲ್ವಾ?”

“ಯಾವ ಮರ?” ಅಂದೆ. ಗೊತ್ತಿದ್ದೂ ಕೇಳಿದೆ.

“ಹೊಂಗೆ ಮರ.”

“ಪುಸ್ತಕದಲ್ಲಿ ಇಲ್ಲಮ್ಮ.”

ಅವಳು ಕೂರಲಿಲ್ಲ. “ಅವರು ಕನ್ನಡ ಮಾತಾಡ್ತಾರೆ ಅಂತ ಇದೆಯಲ್ಲ ಮಿಸ್. ಅವರೆಲ್ಲ ಮುಳುಗಿಹೋಗಿದ್ದರೆ ನಾವು ಹೇಗೆ ಇಲ್ಲಿದ್ದೀವಿ?”

ಚಪ್ಪಾಳೆ ಹೊಡೆದ ಗೌತಮ್ ತನ್ನ ಕೈಗಳನ್ನು ಡೆಸ್ಕಿನ ಕೆಳಗೆ ಇಟ್ಟುಕೊಂಡ. ಮುಂದಿನ ಬೆಂಚಿನ ತಮಿಳು ಹುಡುಗನೊಬ್ಬ ತಿರುಗಿ, “ಅಯ್ಯೋ, ಹಾಗಾದರೆ ನೀನು ಶತ್ರು ಕಡೆಯವಳಾ?” ಅಂತ ಬೆರಗಿನಿಂದ ಕೇಳಿದ.

“ನಾನೊಬ್ಬಳೇನಾ? ಗೌತಮೂ. ಮಿಸ್ಸೂ!”

ಕ್ಲಾಸಿಗೆ ಕ್ಲಾಸೇ ತಿರುಗಿ ನನ್ನನ್ನು ನೋಡಿತು. ಕೈಯಲ್ಲಿ ಸೀಮೆಸುಣ್ಣ ಹಿಡಿದ ಬಡಗಣ ಸೇನೆ ಕರಿಹಲಗೆಗೆ ಬೆನ್ನು ಕೊಟ್ಟು ನಿಂತಿತ್ತು. ಒಬ್ಬರು ನಕ್ಕರು, ಇನ್ನೊಬ್ಬರು ರೇಗಿದರು, ಬೆಂಚುಗಳು ಕಿರುಗುಟ್ಟಿದವು. ಹಿಂದೆ ಹೆಡ್‌ಮಿಸ್ಟ್ರೆಸ್ ಅರ್ಧ ಎದ್ದರು. ಗಲಾಟೆ ಅಂದರೆ ಇದೇ, ಮುಗಿಯಿತು ನನ್ನ ಶುಕ್ರವಾರ ಅಂದುಕೊಂಡೆ. ಕೂತ್ಕೋ ದರ್ಶಿನಿ ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಬಾಯಿಗೆ ಬಂದದ್ದು ಬೇರೆ.

“ಮುಂದೆ ಬಾ. ಆ ಮರದ ಕತೆ ಹೇಳು.”

ಅವಳು ಬಂದು ಮೇಜಿನ ಅಂಚು ಹಿಡಿದುಕೊಂಡು ತಮಿಳಿನಲ್ಲಿ ಶುರು ಮಾಡಿದಳು. ನಾಲ್ಕು ಮಾತು ಆಗುವಷ್ಟರಲ್ಲಿ ತಡವರಿಸಿದಳು. ಆ ಕತೆಯನ್ನು ಅವಳು ತಮಿಳಿನಲ್ಲಿ ಕೇಳಿಯೇ ಇರಲಿಲ್ಲ. ಅವಳ ಅಜ್ಜಿ ಹೇಳಿದ ಮಾತುಗಳು ಬಂದ ಹಾಗೆಯೇ ಬಂದವು, ತಾನು ಕನ್ನಡಕ್ಕೆ ಹೊರಳಿದ್ದು ಅವಳಿಗೇ ಗೊತ್ತಾಗಲಿಲ್ಲ. ದಡ ಅವಳ ಬಾಯಲ್ಲಿ ಅಜ್ಜಿಯ ‘ಕರೆ’ ಆಯಿತು.

“ಇಂದೆ ಕುದ್ರೆಕಾರ್ರು ಬತ್ತಾವ್ರೆ. ಮುಂದೆ ಒಳೆ, ಕರೆ ಕಾಣಾಕಿಲ್ಲ. ಆಗ ಮುದುಕಮ್ಮ ಒಬ್ಳು ಒಂಗೆ ಮರ ತಬ್ಕೊಂಡು ಅತ್ಲು, ತಾಯೇ ನೀನೇ ಗತಿ ಅಂತ. ಮರ ಬಾಗ್ತು. ಬಾಗ್ತು ಬಾಗ್ತು, ಆಚೆ ಕರೆ ಮುಟ್ತು. ಮೊದ್ಲು ಮಕ್ಳು ಮರದ ಮ್ಯಾಲೆ ಅತ್ತಿದ್ರು. ಆಮೇಲೆ ಬಸುರಿ ಎಂಗಸ್ರು. ದನಗೋಳ ಬಾಲ ಇಡ್ಕೊಂಡು ಗಂಡಸ್ರು ನೀರಾಗೆ…”

ಎದ್ದವರೆಲ್ಲ ಕೂತರು. ನಮ್ಮ ಮಕ್ಕಳು ಪಕ್ಕದವರಿಗೆ ಪಿಸುಪಿಸು ಅಂತ ತಮಿಳು ಮಾಡಿ ಹೇಳುತ್ತಿದ್ದರು. ಮುಂದಿನ ಬೆಂಚಿನ ಹುಡುಗ, ಮುದುಕಮ್ಮ ಹತ್ತಿದಳಾ, ಮುದುಕಮ್ಮ ಹತ್ತಿದಳಾ ಅಂತ ಗೌತಮನ ಅಂಗಿ ಎಳೆಯುತ್ತಿದ್ದ.

ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಮುರುಗನ್ ಕಬ್ಬಿಣದ ಸಲಾಕೆ ಹಿಡಿದು ಕಂಬಿಯ ಕಡೆಗೆ ಹೊರಟಿದ್ದ. ಇನ್ನೇನು ಬೆಲ್. ಮಕ್ಕಳು ಮರದ ಮೇಲಿದ್ದರು, ಗಂಡಸರು ಕುತ್ತಿಗೆಮಟ್ಟ ನೀರಿನಲ್ಲಿದ್ದರು, ಮುದುಕಮ್ಮ ಇನ್ನೂ ಈಚೆ ದಡದಲ್ಲೇ ಇದ್ದಳು. ದರ್ಶಿನಿಯೂ ಮುರುಗನನ್ನು ಕಂಡಳು. ಅವಳ ಮಾತು ಓಡತೊಡಗಿತು, ಆದರೆ ಹೊಳೆ ಅಗಲವಾಗಿತ್ತು.

ಹೆಡ್‌ಮಿಸ್ಟ್ರೆಸ್ ಎದ್ದರು. ಅವರಿಗೆ ನಮ್ಮ ಮಾತು ಎಷ್ಟು ತಿಳಿಯುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಬೆಂಚುಗಳ ನಡುವೆ ನೇರ ಕಿಟಕಿಯ ಹತ್ತಿರ ನಡೆದು, ಸರಳುಗಳ ನಡುವೆ ಕೈ ತೂರಿಸಿ ಬೀಸಿದರು.

“ಮುರುಗಾ, ಇರಪ್ಪಾ, ಹೊಡೀಬೇಡ. ಅವರಿನ್ನೂ ದಡ ಸೇರಿಲ್ಲ.”